ಲಾಳಿಯ ಗಾಯ

ಮಗ್ಗದ ಕುಣಿಯಲ್ಲಿನ ಕಲೆ ತೊಳೆದರೂ ಹೋಗಿಲ್ಲ.

ನನ್ನ ತಮ್ಮ ಒಂಬತ್ತನೇ ತರಗತಿಯಲ್ಲಿದ್ದ. ಪಂಕ್ಚರ್ ಅಂಗಡಿಯವನು ಕೊಡುತ್ತಿದ್ದ, ಟ್ಯೂಬಿಗೆ ಹಚ್ಚುವ ಸಲ್ಯೂಷನ್ನನ್ನು ವಸ್ತ್ರಕ್ಕೆ ಹಿಂಡಿ ನಶೆಗಾಗಿ ಮೂಸುತ್ತಿದ್ದ. ಇಳಕಲ್ಲಿನ ನಮ್ಮ ಓಣಿಗೆಲ್ಲ ಇದು ಗೊತ್ತಿತ್ತು. ಠಾಣೆಗೆ ಹೋಗೋಣವೆಂದು ಅವ್ವ ಎದ್ದಾಗ ಅಪ್ಪನ ತಮ್ಮ, ನಮ್ಮ ಕಾಕಾ, ತಡೆದ.

"ವೈನಿ, ಕೇಸ್ ಆದ್ರ ನಮ್ಮ ಹುಡುಗನ ಮ್ಯಾಲೇ ಆಗತೈತಿ. ಒಳಗ ಹಾಕ್ತಾರ. ಮನ್ಯಾಗ ಬಿಡಸೋಣು."

ಮನೆಯಲ್ಲಿ ಬಿಡಿಸುವುದೆಂದರೆ ಹೊಡೆಯುವುದು. ಅಪ್ಪ ಅವನನ್ನು ಮಗ್ಗದ ಕಂಬಕ್ಕೆ ಕಟ್ಟಿ ಹಗ್ಗದಿಂದ ಬಾರಿಸುತ್ತಿದ್ದ. ಒಮ್ಮೆ ತಮ್ಮ ಅಪ್ಪನ ಮುಂಗೈ ಕಚ್ಚಿ ಮಾಂಸ ಕಿತ್ತ. ಬಿಚ್ಚಿದ ಮೇಲೆ ಅವ್ವನ ಮಡಿಲಲ್ಲಿ ಮಲಗಿ ಅತ್ತ.

ಒಂದು ಮುಂಜಾನೆ ತಮ್ಮ ಮಗ್ಗದ ಮೇಲಿದ್ದ ಕೆಂಪು ರೇಷ್ಮೆಯನ್ನು ಮಾರಲೆಂದು ಕತ್ತರಿಸತೊಡಗಿದ. ಸೀರೆಯ ಸೆರಗಿನ ಆ ಒಂದೊಂದು ಎಳೆಯನ್ನೂ ಒಡಲಿನ ಎಳೆಗೆ ಅವ್ವ ಕೂತು ಕೂಡಿಸಿದ್ದಳು. ನೇಯುವುದು ಮುಗಿಯುವ ಮುಂಚೆ ಅದಕ್ಕೆ ಕತ್ತರಿ ಮುಟ್ಟಿಸುವವರು ನಮ್ಮಲ್ಲಿಲ್ಲ. ಅಪ್ಪ ಕೈಗೆ ಸಿಕ್ಕ, ಅಡ್ಡ ನೂಲು ಹಾಯಿಸುವ ಲಾಳಿಯನ್ನೇ ಬೀಸಿದ. ಅದರ ಉಕ್ಕಿನ ಮೊನೆ ತಮ್ಮನ ಹುಬ್ಬನ್ನು ಸೀಳಿತು. ರಕ್ತ, ನೇಯುವಾಗ ಕಾಲು ಇಳಿಬಿಡುವ ಕುಣಿಯೊಳಗೆ ಸುರಿಯಿತು.

"ಹೊಡಿ, ಇನ್ನೂ ಹೊಡಿ," ಎಂದು ನಗುತ್ತಲೇ ಅವನು ಹೊರಗೆ ಓಡಿದ.

ಸಂಜೆ ಪಂಕ್ಚರ್ ಅಂಗಡಿಯ ಹಿಂದೆ ಸಿಕ್ಕ. ಮೂಗಿಗೆ ವಸ್ತ್ರ ಒತ್ತಿಕೊಂಡೇ ಸತ್ತಿದ್ದ.

ಠಾಣೆಯಲ್ಲಿ ಸಾಹೇಬರು ಅಂದರು: "ಸಣ್ಣವರಿಗೆ ನಶೆ ಕೊಟ್ಟಾಂವಗ ಜೈಲು ಐತ್ರಿ. ನಿಮ್ಮ ಹುಡುಗನ್ನ ದವಾಖಾನಿಗೆ ಕಳಸ್ತಿದ್ವಿ. ಮದಲ ಯಾಕ ಬರಲಿಲ್ಲ?"

ಅವ್ವ ಗೋಡೆಗೆ ತಲೆ ಚಚ್ಚಿಕೊಂಡಳು.

ಕರೆಸಿದ್ದ ಅಂಗಡಿಯವನು ಬಾಗಿಲಲ್ಲೇ ನಿಂತು ಅಪ್ಪನತ್ತ ಬೆರಳು ಮಾಡಿದ. "ಹುಬ್ಬಿನ ಗಾಯ ನೋಡ್ರಿ ಸಾಹೇಬ್ರ. ಕೊಂದಾಂವ ಇವನ. ನನ್ನ ಮ್ಯಾಲ ಬರಸಿದ್ರ ಇವನೂ ಒಳಗ ಬರ್ತಾನ." ಆಮೇಲೆ ಅಪ್ಪನ ಕಡೆ ತಿರುಗಿ ಮೆತ್ತಗೆ, "ಮನಿಗೆ ನಡಿ ಮಾಮಾ. ಮಗಳ ಲಗ್ನ ಮಾಡೂದೈತಿ ನಿಂದು," ಎಂದ.

ಕಾಕಾ ಅಪ್ಪನ ತೋಳು ಜಗ್ಗಿದ. ಅಪ್ಪ ಕದಲಲಿಲ್ಲ. ಟಾವೆಲಿನ ಗಂಟು ಬಿಚ್ಚಿ ಲಾಳಿಯನ್ನು ಮೇಜಿನ ಮೇಲಿಟ್ಟ. ಮೊನೆಯಲ್ಲಿ ರಕ್ತ ಒಣಗಿತ್ತು.

"ಹೊಡದಾಂವ ನಾನ ಅದೀನ್ರಿ. ಕೊಟ್ಟಾಂವ ಅಂವ. ಎರಡೂ ಬರಕೋರಿ."

ಅಂದೇ ಇಬ್ಬರನ್ನೂ ಹಿಡಿದಿಟ್ಟರು. ನನ್ನ ಲಗ್ನದ ಮಾತು ಮುರಿಯಿತು. ಈಗ ಬಾಗಲಕೋಟೆಯ ಕೋರ್ಟಿನಲ್ಲಿ ಇಬ್ಬರ ಕೇಸೂ ನಡೆದಿದೆ. ತಾರೀಖಿಗೆ ನಾನು, ಅವ್ವ ಹೋಗುತ್ತೇವೆ. ತಮ್ಮ ಕತ್ತರಿಸಿದ ಎಳೆಗಳು ಮಗ್ಗದ ಮೇಲೆ ಹಾಗೇ ಜೋತುಬಿದ್ದಿವೆ. ಅವ್ವ ಅವನ್ನು ಕೂಡಿಸಲೂ ಒಲ್ಲಳು, ತೆಗೆಯಲೂ ಬಿಡಳು.