ಬನ್ನಿ ಅನ್ನಲಾರದ ಸೋಪಕ್ಕ

ಗಲ್ಲಿಯವರು ಸೋಪು ಮಾಡುವ ಅವಳ ಅತ್ತೆಯನ್ನು ಸೋಪಮ್ಮ ಅನ್ನುತ್ತಿದ್ದರು. ಹಾಗಾಗಿ ಮದುವೆಯಾಗಿ ಬಂದ ತಿಂಗಳಲ್ಲೇ ಇವಳು ಸೋಪಕ್ಕ ಆಗಿಬಿಟ್ಟಳು. ಮೊದಮೊದಲು ಆ ಹೆಸರು ಕೇಳಿದರೆ ಮುಖ ಸಿಂಡರಿಸುತ್ತಿದ್ದಳು. ಗಂಡ ಬೇಗ ತೀರಿಕೊಂಡ, ಮಕ್ಕಳಾಗಿರಲಿಲ್ಲ. ಆಮೇಲೆ ಅತ್ತೆ ಸೊಸೆ ಇಬ್ಬರೇ ಸೇರಿ ಆ ಸೋಪಿನ ಕೆಲಸವನ್ನು ನಡೆಸಿದರು. ಕಡಾಯಿಯಲ್ಲಿ ಎಣ್ಣೆ ಕಾಯಿಸೋದು, ಕಾಸ್ಟಿಕ್ ಸೋಡದ ನೀರನ್ನು ಸಣ್ಣಗೆ ಹುಯ್ಯುತ್ತಾ ಮರದ ಹುಟ್ಟಿನಿಂದ ತಿರುವೋದು, ಗಟ್ಟಿಯಾದಾಗ ಹಲಗೆಯ ತಟ್ಟೆಗೆ ಸುರಿದು ಮಾರನೆಯ ದಿನ ತಂತಿಯಿಂದ ಕೊಯ್ಯೋದು. ಬಟ್ಟೆ ಒಗೆಯುವ ಹಳದಿ ಸೋಪು, ಅಷ್ಟೇ. ಅತ್ತೆ ಹೋಗುವ ಹೊತ್ತಿಗೆ ಸೋಪಕ್ಕನಿಗೆ ಆ ಹೆಸರು ಬಿಟ್ಟು ಬೇರೆ ಹೆಸರಿದೆ ಅನ್ನೋದು ಗಲ್ಲಿಗೆ ಮರೆತೇ ಹೋಗಿತ್ತು.

ಗಲ್ಲಿ ಬಹಳ ಇಕ್ಕಟ್ಟು. ಗೋಡೆಗೆ ಗೋಡೆ ಅಂಟಿಕೊಂಡ ಅಂಗಡಿಗಳು. ಪಕ್ಕದಲ್ಲಿ ತಗಡಿನ ಡಬ್ಬಿ ಮಾಡುವವನು, ಅವನನ್ನು ಎಲ್ಲರೂ ಡಬ್ಬಣ್ಣ ಅನ್ನುತ್ತಿದ್ದರು. ಸೋಪಕ್ಕನಿಗಿಂತ ಚಿಕ್ಕವನು, ಆದರೂ ಅವಳಿಗೂ ಅವನು ಡಬ್ಬಣ್ಣನೇ. ಬೆಳಗಿನಿಂದ ಸಂಜೆಯವರೆಗೆ ಅವನ ಸುತ್ತಿಗೆ ಗೋಡೆಯಾಚೆ ಬಡಿಯುತ್ತಲೇ ಇರೋದು. ಮಾತಾಡಬೇಕು ಅನ್ನಿಸಿದರೆ ಸೋಪಕ್ಕ ಹುಟ್ಟಿನಿಂದ ಗೋಡೆಗೆ ಎರಡು ಸಲ ಕುಟ್ಟೋಳು. ಸುತ್ತಿಗೆ ನಿಲ್ಲೋದು.

"ಏನಕ್ಕಾ?"

"ಏನಿಲ್ಲ, ಬದುಕಿದ್ದೀಯಾ ಅಂತ ನೋಡಿದೆ."

"ಬದುಕಿಲ್ದೆ ಇದ್ರೆ ಇಷ್ಟು ಹೊತ್ತು ನಿನ್ನ ಸೋಡದ ವಾಸನೆ ಕುಡೀತಾ ಕೂತಿರ್ತಿದ್ನಾ?"

ಕೆಲಸದ ಕಷ್ಟ ಅವರಿಗೆ ಕಷ್ಟ ಅನ್ನಿಸುತ್ತಿರಲಿಲ್ಲ. ತಲೆನೋವೆಲ್ಲ ತಪಾಸಣೆಯವರದು. ಹೊಗೆ ನೋಡುವವನು ಒಂದು ದಿನ, ತೂಕ ನೋಡುವವನು ಇನ್ನೊಂದು ದಿನ, ಬೆಂಕಿ ಇಲಾಖೆಯವನು ಯಾವ ದಿನ ಅಂತ ದೇವರಿಗೇ ಗೊತ್ತು. ಒಬ್ಬ ಚಿಮಣಿ ಎತ್ತರ ಮಾಡಿಸು ಅಂದರೆ, ಅದನ್ನು ಯಾರನ್ನು ಕೇಳಿ ಎತ್ತರ ಮಾಡಿಸಿದೆ ಅಂತ ಇನ್ನೊಬ್ಬ ಬರುತ್ತಿದ್ದ.

ಹೀಗಿರುವಾಗ ಸರ್ಕಾರದ ಘೋಷಣೆ ಬಂತು. ಊರ ಹೊರಗೆ ಹೊಸ ಕೈಗಾರಿಕಾ ಬಡಾವಣೆ. ಅಲ್ಲಿಗೆ ಹೋಗುವ ಸಣ್ಣ ಕೆಲಸದವರಿಗೆ ಹತ್ತು ವರ್ಷ ತೆರಿಗೆ ಇಲ್ಲ, ಎಲ್ಲದಕ್ಕೂ ಸೇರಿ ಒಂದೇ ಪರವಾನಗಿ, ಓಡಾಡಲು ಸರ್ಕಾರಿ ಬಸ್ಸು. ಇದನ್ನು ತಿಳಿಸಿ ಹೇಳಲು ಗಲ್ಲಿಗೆ ಒಬ್ಬ ದಪ್ಪ ಕನ್ನಡಕದ ಅಧಿಕಾರಿ ಬಂದ. ಒಳ್ಳೆಯ ಮನುಷ್ಯ. ಡಬ್ಬಣ್ಣನ ತಗಡಿನ ಪೆಟ್ಟಿಗೆಯ ಮೇಲೇ ಕೂತು, ಬೆವರು ಒರೆಸಿಕೊಳ್ಳುತ್ತಾ, ಕೇಳಿದ್ದಕ್ಕೆಲ್ಲ ಸಮಾಧಾನವಾಗಿ ಉತ್ತರ ಹೇಳಿದ. ಸೋಪಕ್ಕ ಅವನ ಮುಖವನ್ನೇ ನೋಡುತ್ತಿದ್ದಳು. ಈ ಮುಖ ಸುಳ್ಳು ಹೇಳೋದಿಲ್ಲ ಅನ್ನಿಸಿತು. ಅದು ನಿಜವೂ ಆಗಿತ್ತು.

"ನೀನು ಮೊದ್ಲು ಹೋಗಕ್ಕಾ, ನಾವು ಹಿಂದೇನೇ ಬರ್ತೀವಿ" ಅಂದ ಡಬ್ಬಣ್ಣ. ಹಾಸಿಗೆ ಹೊಲಿಯುವವನೂ ಹಾಗೇ ಅಂದ, ಪುಸ್ತಕಕ್ಕೆ ರಟ್ಟು ಕಟ್ಟುವವಳೂ ಹಾಗೇ ಅಂದಳು.

ಸೋಪಕ್ಕ ಗಲ್ಲಿಯ ಜಾಗವನ್ನು ಬಾಡಿಗೆಗೆ ಕೊಟ್ಟು, ಕಡಾಯಿಯನ್ನು ಲಾರಿಗೆ ಹತ್ತಿಸಿದಳು. ಕೆಲಸದ ಇಬ್ಬರು ಹೆಂಗಸರೂ ಜೊತೆಗೆ ಬಂದರು. ಹೊಸ ಜಾಗ ಎಷ್ಟು ವಿಶಾಲ ಅಂದರೆ ಅವಳಿಗೆ ಮೊದಲು ನಗು ಬಂತು. ಅಗಲವಾದ ರಸ್ತೆ, ಎರಡೂ ಕಡೆ ದೀಪದ ಕಂಬ, ನಂಬರು ಬರೆದ ಕಲ್ಲು ನೆಟ್ಟ ಖಾಲಿ ನಿವೇಶನಗಳು. ತನ್ನದರಲ್ಲಿ ಒಂದು ಶೀಟಿನ ಶೆಡ್ಡು ಹಾಕಿಸಿದಳು. ತನ್ನ ಪಕ್ಕದ ನಿವೇಶನ ಯಾರಿಗೂ ಕೊಡಬೇಡಿ, ಅದು ಡಬ್ಬಣ್ಣನಿಗೆ ಅಂತ ಕಚೇರಿಗೆ ಹೋಗಿ ಹೇಳಿಯೂ ಬಂದಳು. ಅಲ್ಲಿಯವರು ತಲೆಯಾಡಿಸಿದರು.

ಹಿಂದೆಯೇ ಬರ್ತೀವಿ ಅಂದವರು ಒಂದು ವರ್ಷ ನೋಡೋಣ ಅಂದರು. ಮೊದಲ ವರ್ಷ ಸರ್ಕಾರ ಹೇಳಿದ ಹಾಗೇ ನಡೆಯಿತು. ಎರಡನೆಯ ವರ್ಷ ಡಬ್ಬಣ್ಣ ಬಂದು ನಿವೇಶನ ಅಳೆದುಕೊಂಡೂ ಹೋದ. ಅಷ್ಟರಲ್ಲಿ ಚುನಾವಣೆ ಬಂತು, ಸರ್ಕಾರ ಬಿತ್ತು. ಹೊಸಬರು ಬಂದವರೇ ಲೆಕ್ಕ ನೋಡಿ ಬೊಕ್ಕಸ ಬರಿದಾಗಿದೆ ಅಂದರು. ಐವತ್ತು ಜನಕ್ಕೆ ಕೆಲಸ ಕೊಟ್ಟವರಿಗೆ ಮಾತ್ರ ತೆರಿಗೆ ವಿನಾಯಿತಿ, ಉಳಿದವರು ಶುರುವಿನಿಂದಲೇ ಕಟ್ಟಬೇಕು ಅಂತ ಆದೇಶವಾಯಿತು. ಉಳಿದವರು ಅಂದರೆ ಸೋಪಕ್ಕ, ಆ ಬಡಾವಣೆಗೆ ಬಂದಿದ್ದವಳೇ ಅವಳೊಬ್ಬಳು.

ಅವಳು ಕಚೇರಿಗೆ ಹೋದಳು. ಕನ್ನಡಕದವನ ಕುರ್ಚಿಯಲ್ಲಿ ಬೇರೆ ಯಾರೋ ಇದ್ದರು. ಕೂರಿಸಿ, ನೀರು ಕೊಟ್ಟು, "ಅಮ್ಮಾ, ಅದು ಹಿಂದಿನವರು ಹೇಳಿದ್ದು" ಅಂದರು.

"ಹಿಂದಿನವ್ರು ಅಂದ್ರೆ ಯಾರು ಸಾರ್? ಬಾಗಿಲ ಮೇಲಿನ ಬೋರ್ಡು ಅದೇ ಇದೆಯಲ್ಲಾ."

"ಸರ್ಕಾರ ಬದಲಾಯ್ತಲ್ಲಮ್ಮಾ."

"ನಾನು ಸರ್ಕಾರ ಅಂತ ನಂಬಿದೆ. ಇಂಥವ್ರು ಅಂತ ನಂಬ್ಲಿಲ್ಲ. ಇಂಥವ್ರು ಅಂತ ಇದ್ದಿದ್ರೆ ಅವ್ರ ಮನೆಗಾದ್ರೂ ಹೋಗಿ ಕೇಳ್ತಿದ್ದೆ."

ಆ ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಅವರ ಕೈಯಲ್ಲಿ ಏನೂ ಇರಲಿಲ್ಲ, ಅದು ಅವಳಿಗೂ ಅರ್ಥವಾಯಿತು. ಗಲ್ಲಿಯ ಜಾಗವನ್ನು ಮಾರಿ ತೆರಿಗೆ ಕಟ್ಟಿದಳು. ಅಲ್ಲಿಗೆ ವಾಪಸು ಹೋಗುವ ದಾರಿ ಮುಚ್ಚಿತು. ಓಡಾಡುವ ಜನ ಇಲ್ಲ ಅಂತ ಅದೇ ವರ್ಷ ಬಸ್ಸನ್ನೂ ನಿಲ್ಲಿಸಿದರು. ಕೆಲಸದ ಹೆಂಗಸರು ಕೆಲವು ತಿಂಗಳು ಮುಖ್ಯ ರಸ್ತೆಯಿಂದ ನಡೆದು ಬಂದರು. ಬಿಸಿಲಿಗೆ ಅವರ ಮುಖ ನೋಡಲಾಗದೆ ಸೋಪಕ್ಕನೇ, "ಊರಲ್ಲೇ ಏನಾದ್ರೂ ನೋಡ್ಕೊಳ್ರಮ್ಮಾ" ಅಂದಳು. ತಾನು ಊರಿನ ಬಾಡಿಗೆ ಮನೆ ಬಿಟ್ಟು ಶೆಡ್ಡಿನ ಮೂಲೆಯಲ್ಲೇ ಒಂದು ಮಂಚ ಹಾಕಿಕೊಂಡಳು.

ಮಾಡುವ ಸೋಪು ಕಡಿಮೆಯಾಯಿತು, ಮಾತು ಅದಕ್ಕಿಂತ ಕಡಿಮೆಯಾಯಿತು. ವಾರಕ್ಕೊಮ್ಮೆ ಸೋಪು ಒಯ್ಯುವ ಗಾಡಿಯವನು ಬರುತ್ತಿದ್ದ. ಅವನೊಬ್ಬ ಮೂಗಬಸವ, ಕೇಳಿದ್ದಕ್ಕೆ ಹೂಂ, ಊಹೂಂ, ಅಷ್ಟೇ. ಒಮ್ಮೆ ಎಣ್ಣೆ ಕಾಯಿಸುತ್ತಾ ಅಭ್ಯಾಸಬಲದಿಂದ ಗೋಡೆಗೆ ಎರಡು ಸಲ ಕುಟ್ಟಿಬಿಟ್ಟಳು. ಶೀಟಿನ ಗೋಡೆ ಶೆಡ್ಡು ತುಂಬ ಗಡಗಡ ಅಂತು. ತಾನೇ ಬೆಚ್ಚಿಬಿದ್ದಳು. ಸಂಜೆಯಾದರೆ ಖಾಲಿ ರಸ್ತೆಯ ಉದ್ದಕ್ಕೂ ದೀಪಗಳು ಹತ್ತಿಕೊಳ್ಳುತ್ತಿದ್ದವು. ಅದೊಂದನ್ನು ಮಾತ್ರ ಯಾವ ಸರ್ಕಾರವೂ ನಿಲ್ಲಿಸಿರಲಿಲ್ಲ.

ಹೀಗೇ ಕೆಲವು ವರ್ಷ ಕಳೆದ ಮೇಲೆ ಸರ್ಕಾರ ಮತ್ತೆ ಬದಲಾಯಿತು. ಈ ಸಲ ಒಬ್ಬ ಹುಡುಗಿ, ಅಧಿಕಾರಿಣಿ, ಜೀಪಿನಲ್ಲಿ ಬಂದಳು. ಶೆಡ್ಡಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವಳು, ಸೋಡ ಚೆಲ್ಲಿರುತ್ತೆ, ಹಾಕ್ಕೊಳ್ಳಿ ಮೇಡಂ ಅಂತ ಸೋಪಕ್ಕ ಅಂದ ಮೇಲೆ ಮತ್ತೆ ಮೆಟ್ಟಿಕೊಂಡಳು.

"ಅಮ್ಮಾ, ವಿನಾಯಿತಿ ಮತ್ತೆ ಕೊಡ್ತಿದ್ದೀವಿ. ಬರೀ ಘೋಷಣೆ ಅಲ್ಲ, ಕಾನೂನೇ ಮಾಡ್ತಿದ್ದೀವಿ. ಬಸ್ಸೂ ಬಿಡಿಸ್ತೀನಿ. ಬರೋ ವಾರ ಇಲ್ಲೇ ಸಭೆ, ಗಲ್ಲಿಯವರನ್ನೆಲ್ಲ ಕರೆಸ್ತೀನಿ. ನೀವು ನಾಲ್ಕು ಮಾತು ಹೇಳ್ಬೇಕು. ನಮ್ಮ ಮಾತು ಅವ್ರು ಕೇಳಲ್ಲ, ನಿಮ್ಮ ಮಾತು ಕೇಳ್ತಾರೆ."

ಆ ವಾರವೆಲ್ಲ ಸೋಪಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪಕ್ಕದ ನಿವೇಶನಕ್ಕೆ ಹೋಗಿ ಆಳೆತ್ತರ ಬೆಳೆದ ಕಳೆ ಕಿತ್ತಳು. ಡಬ್ಬಣ್ಣ ಇಲ್ಲಿ ತಗಡು ಒಟ್ಟುತ್ತಾನೆ, ಬಾಗಿಲು ಈ ಕಡೆ ಇಟ್ಟರೆ ಕೂಗಿದರೆ ಕೇಳಿಸುತ್ತೆ ಅಂತ ಮನಸ್ಸಿನಲ್ಲೇ ಗೋಡೆ ಎಬ್ಬಿಸಿದಳು. ಏನು ಹೇಳಬೇಕು ಅನ್ನೋದನ್ನೂ ಕಡಾಯಿಯ ಮುಂದೆ ನಿಂತು ಹೇಳಿ ನೋಡಿದಳು. ನೀರು ಚೆನ್ನಾಗಿದೆ, ಜಾಗ ಧಾರಾಳವಾಗಿದೆ, ಬನ್ನಿ.

ಸಭೆಯ ದಿನ ಬಸ್ಸು ತುಂಬ ಜನ ಬಂದರು. ಎಲ್ಲರಿಗೂ ವಯಸ್ಸಾಗಿತ್ತು. ಡಬ್ಬಣ್ಣನ ತಲೆ ಪೂರ್ತಿ ನೆರೆತಿತ್ತು. ಹಾಸಿಗೆಯವನು, ರಟ್ಟಿನವಳು, ಎಲ್ಲರೂ ಅವಳ ಕೈ ಹಿಡಿದುಕೊಂಡು ಮಾತಾಡಿಸಿದರು. ಮೇಡಂ ವಿವರವಾಗಿ, ಚೆನ್ನಾಗಿ ಹೇಳಿದಳು. ಅವಳು ಕೂತ ಮೇಲೆ ಡಬ್ಬಣ್ಣ ಎದ್ದು ನಿಂತ.

"ಮೇಡಂ, ತಪ್ಪು ತಿಳ್ಕೋಬೇಡಿ. ಮುಂಚೇನೂ ಹೀಗೇ ಹೇಳಿದ್ರು. ನಮ್ಮಕ್ಕ ಹೇಳ್ಲಿ. ಅಕ್ಕ ಬನ್ನಿ ಅಂದ್ರೆ ನಾಳೇನೇ ಸಾಮಾನು ಕಟ್ತೀನಿ."

ಎಲ್ಲರ ಕಣ್ಣೂ ಅವಳ ಮೇಲೆ ಬಂತು. ಸೋಪಕ್ಕ ಮೈಕಿನ ಮುಂದೆ ಬಂದಳು. ನೀರು ಚೆನ್ನಾಗಿದೆ ಅಂದಳು. ಜಾಗ ಧಾರಾಳವಾಗಿದೆ ಅಂದಳು. ಬನ್ನಿ ಅನ್ನೋದೊಂದು ಉಳಿಯಿತು. ಮುಂದಿನ ಸಾಲಿನಲ್ಲಿ ರಟ್ಟಿನವಳು ಗೋಂದು ಅಂಟಿದ ಬೆರಳುಗಳನ್ನು ಮಡಿಲಲ್ಲಿ ಜೋಡಿಸಿಕೊಂಡು ಬಾಯಿ ತೆರೆದು ಕಾಯುತ್ತಿದ್ದಳು. ಅವಳಿಗೆ ಇದ್ದದ್ದೂ ಗಲ್ಲಿಯ ಆ ಒಂದು ಕೋಣೆಯೇ.

"ಹೇಳಿದ ಮಾತು ನಡೆಯುತ್ತಾ ಅಂತ ಕೇಳಿದ್ರೆ ನಂಗೆ ಗೊತ್ತಿಲ್ಲ" ಅಂದಳು ಸೋಪಕ್ಕ. "ನಂಗೆ ನಡೀಲಿಲ್ಲ. ಈ ಮೇಡಂ ಒಳ್ಳೆಯವ್ರು. ಮುಂಚೆ ಬಂದವ್ರೂ ಒಳ್ಳೆಯವ್ರೇ. ಬರೋ ಹಾಗಿದ್ರೆ ಗಲ್ಲಿ ಜಾಗ ಮಾತ್ರ ಮಾರ್ಬೇಡಿ."

ಆಮೇಲೆ ಯಾರೂ ಹೆಸರು ಬರೆಸಲಿಲ್ಲ, ಕಾಫಿ ಕುಡಿದು ಎದ್ದರು. ಬಸ್ಸು ಹತ್ತುವ ಮುಂಚೆ ಡಬ್ಬಣ್ಣ ಅವಳ ಹತ್ತಿರ ಬಂದ.

"ಒಂದು ಸುಳ್ಳು ಹೇಳಿದ್ರೆ ನಾವೆಲ್ಲ ಬಂದುಬಿಡ್ತಿದ್ವಲ್ಲಕ್ಕಾ."

"ಗೊತ್ತು ಕಣೋ. ಬಂದು, ನನ್ನ ಬೈಕೊಂಡು, ಪಕ್ಕದಲ್ಲೇ ಕೂತಿರ್ತಿದ್ರಿ."

ಅವನು ನಕ್ಕ. ಅವಳಿಗೆ ನಗಲು ಆಗಲಿಲ್ಲ.

ಮೇಡಂ ಜೀಪಿನ ಬಳಿ ನಿಂತಿದ್ದಳು. ಕೋಪ ಮಾಡಿಕೊಳ್ಳುತ್ತಾಳೆ ಅಂದುಕೊಂಡರೆ ಅವಳ ಕಣ್ಣು ತುಂಬಿತ್ತು. "ಈ ಸಲ ನಿಜವಾಗ್ಲೂ ಮಾಡ್ತೀವಮ್ಮಾ" ಅಂದಳು.

ಮಾಡಿದರು ಕೂಡ. ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಕಾನೂನು ಆಯಿತು, ಸೋಪಕ್ಕನ ತೆರಿಗೆ ನಿಂತಿತು, ಒಂದೇ ಪರವಾನಗಿ ಕೈಗೆ ಬಂತು. ತಪಾಸಣೆಯವರು ಹೇಳಿದ ದಿನವೇ ಬಂದು, ನೋಡಿ, ಹೋಗುತ್ತಿದ್ದರು. ಬಸ್ಸೂ ಬಂತು. ಆದರೆ ಅದರಿಂದ ಯಾರೂ ಇಳಿಯಲಿಲ್ಲ. ಕೆಲಸದ ಹೆಂಗಸರಿಗೆ ಹೇಳಿ ಕಳಿಸಿದಳು. ಒಬ್ಬಳಿಗೆ ಮಂಡಿನೋವು, ಇನ್ನೊಬ್ಬಳು ಬೇರೆ ಕಡೆ ಸೇರಿಕೊಂಡಿದ್ದಳು. ಮೇಡಂಗೂ ವರ್ಗವಾಯಿತು. ಹೋಗುವ ಮುಂಚೆ ಬಂದು, ಪೇಪರಿನಲ್ಲಿ ಸುತ್ತಿದ ಎರಡು ಸೋಪು ತೆಗೆದುಕೊಂಡು ಹೋದಳು. ದುಡ್ಡು ಬೇಡ ಅಂದರೂ ಹಲಗೆಯ ಮೇಲೆ ಇಟ್ಟೇ ಹೋದಳು.

ಅದಾದ ಮೇಲಿನ ವರ್ಷ ಒಂದು ಮಧ್ಯಾಹ್ನ ಡಬ್ಬಣ್ಣ ಬಸ್ಸಿಳಿದು ಬಂದ. ಸೋಪಕ್ಕ ಕಡಾಯಿಯ ಮುಂದಿದ್ದಳು. ಹುಟ್ಟು ಕೆಳಗಿಟ್ಟು, ಸ್ಟೂಲು ಒರೆಸಿ ಕೊಟ್ಟಳು. ಹಾಸಿಗೆಯವನ ಮಗಳ ಮದುವೆ, ರಟ್ಟಿನವಳ ಕಣ್ಣಿನ ಆಪರೇಷನ್ನು, ಸೋಪಕ್ಕನ ಹಳೆಯ ಜಾಗದಲ್ಲಿ ಬಂದಿರುವ ಮೊಬೈಲ್ ರಿಪೇರಿಯವನ ಜಂಬ, ಗಲ್ಲಿಯ ಸುದ್ದಿಯೆಲ್ಲ ಒಂದೊಂದಾಗಿ ಬಂತು. ಹೊಸ ಇನ್‌ಸ್ಪೆಕ್ಟರ್ ಒಬ್ಬ ಬಂದು ಪ್ರಾಣ ತಿನ್ನುತ್ತಿದ್ದಾನಂತೆ.

"ಈಗ ಹೇಳಕ್ಕಾ" ಅಂದ ಡಬ್ಬಣ್ಣ ಕೊನೆಗೆ. "ಕೊಟ್ಟ ಮಾತು ನಡೆಸ್ತಿದಾರಂತಲ್ಲಾ. ಬರ್ಲಾ?"

ಬಾಗಿಲಾಚೆ ಅವಳು ವರ್ಷಕ್ಕೆರಡು ಸಲ ಕಳೆ ಕೀಳುವ ನಿವೇಶನ ಕಾಣುತ್ತಿತ್ತು. ಸೋಪಕ್ಕ ಎದ್ದು ಬಾಗಿಲವರೆಗೆ ಹೋಗಿ ಅದನ್ನು ನೋಡಿ ಬಂದಳು.

"ಈ ವರ್ಷದ್ದು ನಡೆಸಿದಾರೆ ಡಬ್ಬಣ್ಣ. ಬರೋ ವರ್ಷದ್ದು ನಂಗೆ ಗೊತ್ತಿಲ್ಲ."

"ಹಾಗಾದ್ರೆ ಇನ್ನೊಂದು ವರ್ಷ ನೋಡೋಣ."

"ನೋಡು."

ಅವನು ಕೂಡಲೇ ಏಳಲಿಲ್ಲ. ಬಸ್ಸು ಬರುವವರೆಗೂ ಇಬ್ಬರೂ ಮಾತಾಡಿದರು. ಅವನನ್ನು ಹತ್ತಿಸಿ ಒಳಗೆ ಬಂದರೆ, ತಿರುವದೆ ಬಿಟ್ಟಿದ್ದ ಕಡಾಯಿಯ ಸೋಪು ಗಂಟುಗಂಟಾಗಿ ಕೆಟ್ಟುಹೋಗಿತ್ತು. ಅಷ್ಟನ್ನೂ ಕೆರೆದು ಎಸೆಯಬೇಕು. ಅತ್ತೆ ಇದ್ದಿದ್ದರೆ ಮನೆ ಹಾರಿಹೋಗುವ ಹಾಗೆ ಬೈಯುತ್ತಿದ್ದಳು. ಸೋಪಕ್ಕ ಸೆರಗು ಸಿಕ್ಕಿಸಿಕೊಂಡು ಕೆರೆಯಲು ಕೂತಳು. ಆ ಒಂದು ದಿನ ಮಾತ್ರ ಅದು ಅವಳಿಗೆ ನಷ್ಟ ಅನ್ನಿಸಲಿಲ್ಲ.