ಚಕ್ರದಡಿಯ ಮಡಲು

ಬೆಳಿಗ್ಗೆ ಏಳೂಕಾಲಿಗೆ ನಮ್ಮೂರು ಬೀಜಾಡಿಯ ಕಡಲದಡದ ಮರಳಿನ ಮೇಲೆ ಸಲಿಕೆಯ ಮೊದಲ ಪೆಟ್ಟು ಬಿತ್ತು. ಕುಂದಾಪುರದ ಬಸ್ಸು ಆಗಷ್ಟೇ ಹಾರ್ನ್ ಹಾಕಿ ಹೋಗಿತ್ತು. ಹಾಗಾಗಿ ಹೊತ್ತು ನೆನಪಿದೆ.

ಆ ದಿನಗಳಲ್ಲಿ ನಮ್ಮ ದಡದಲ್ಲಿ ಕೈರಂಪಣಿ ಇತ್ತು. ದೋಣಿಯವರು ಬಲೆಯನ್ನು ಕಡಲಲ್ಲಿ ಬಳಸಿ ಬಿಟ್ಟು ಬರುತ್ತಿದ್ದರು. ದಡದಲ್ಲಿದ್ದವರೆಲ್ಲ ಎರಡೂ ಕಡೆಯ ಹಗ್ಗ ಹಿಡಿದು ಎಳೆಯುತ್ತಿದ್ದರು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನ ಪಾಲು. ನಾವು ಮಕ್ಕಳು ಎಳೆಯುವುದಕ್ಕಿಂತ ಜೋತಾಡುವುದೇ ಹೆಚ್ಚು, ಆದರೂ ನಮಗೂ ಒಂದೊಂದು ಬೊಗಸೆ ಸಿಗುತ್ತಿತ್ತು.

ನಾನು ಐದನೇ ಕ್ಲಾಸಿನಲ್ಲಿದ್ದ ಆ ವರ್ಷ ಬೈಗೆ ಎನ್ನುವ ಬೂತಾಯಿ ಮೀನು ಬರಲೇ ಇಲ್ಲ. ಮನೆಮನೆಗೆ ಮೀನು ಹೊತ್ತು ಮಾರುತ್ತಿದ್ದ ನನ್ನ ಅಮ್ಮ, ನಮ್ಮ ಮಾತಿನಲ್ಲಿ ಅಬ್ಬಿ, ಕೈಕಟ್ಟಿ ಕೂತಳು. ಉಪ್ಪು, ಸುಟ್ಟ ಮೆಣಸು, ತಿಳಿಯೇ ಹೆಚ್ಚಿರುವ ಗಂಜಿ. ನನ್ನ ಬಟ್ಟಲಿಗೆ ಅಗುಳು ಬೀಳಲೆಂದು ಅವಳು ಸೌಟನ್ನು ತಳದಿಂದ ಎತ್ತುತ್ತಿದ್ದಳು. ತನಗೆ ಮೇಲಿನ ನೀರು.

ಕೊನೆಗೊಂದು ಬೆಳಿಗ್ಗೆ ದಡದ ಹತ್ತಿರವೇ ಮೀನಿನ ಹಿಂಡಿಗೆ ನೀರು ಕಪ್ಪಾಯಿತು. ಕೇರಿಯೇ ಓಡಿಬಂದು ಎಳೆಯಿತು. ಬಲೆ ತುಂಬ ಬೈಗೆ, ಬೆರಳುದ್ದದ ಮರಿಗಳು. ಎಣ್ಣೆಯ ವಾಸನೆಗೇ ನನ್ನ ಬಾಯಲ್ಲಿ ನೀರೂರಿತು. ಪಾಲಿನ ಮೀನನ್ನು ಬೇರೆ ಗುಡ್ಡೆ ಹಾಕಿದ್ದರು. ಅಷ್ಟರಲ್ಲಿ ಮೀನಿನ ಹುಡಿ ಮಾಡುವ ಫ್ಯಾಕ್ಟರಿಯ ಏಜೆಂಟ ಲಾರಿ ತಂದ. ಬಲೆಯ ಮೀನೆಲ್ಲ ತುಂಬಿಸಿಯಾದ ಮೇಲೆ ಅವನ ಆಳುಗಳು ನಮ್ಮ ಗುಡ್ಡೆಗೂ ಸಲಿಕೆ ಹಾಕಿದರು.

"ಹ್ವಾಯ್, ಅದ್ ಪಾಲಿನ್ ಮೀನ್," ಎಂದಳು ಅಬ್ಬಿ.

"ಪೂರಾ ಅಂತ ಬಲೆಯವ್ರ್ ಹತ್ರ ಫೋನಲ್ಲೇ ಮಾತಾಯ್ತ್," ಎಂದ ಏಜೆಂಟ.

ಪಕ್ಕದ ಮನೆಯ ಸೀತಕ್ಕ ಕೇಳಿದಳು: "ನಿನ್ ಫೋನ್ ಬಂದ್ ಹಗ್ಗ ಎಳ್ದಿತ್ತಾ?"

ಹೆಂಗಸರು ನಕ್ಕರು. ಅವನ ಮುಖ ಕೆಂಪಾಯಿತು. "ಇಷ್ಟ್ ಜನ ಹುಟ್ಟಿರೆ ಕಡ್ಲಾದ್ರೂ ಎಲ್ಲಿಂದ ಕೊಡುದ್? ಮಕ್ಳನ್ನ್ ಕಮ್ಮಿ ಹೆರ್ಕಿತ್!"

"ನಂಗಿಪ್ಪುದ್ ಒಂದೇ ಹೆಣ್ಣ್," ಎಂದಳು ಅಬ್ಬಿ. "ಕಡಲ್ ಕೊಟ್ಟಿತ್ ಕಾಣ್. ನಿನ್ ಲಾರಿಯೊಳ್ಗೇ ಇತ್ತ್."

ಅವಳು ಸಲಿಕೆಯ ಹಿಡಿಗೆ ಕೈ ಹಾಕಿದಳು. ಆಳು ಕೊಸರಿ ಬೀಸಿದ. ಸೀತಕ್ಕನ ಹಣೆ ಬಿರಿಯಿತು. ರಕ್ತ ಅವಳ ಮೂಗಿನ ಮೇಲಿಂದ ಮೀನಿನ ಮೇಲೆ ಸುರಿಯಿತು. ಯಾರೋ ಕಲ್ಲೆಸೆದರು. ಲಾರಿಯ ಎದುರಿನ ಗಾಜು ಪುಡಿಯಾಯಿತು. ಗಂಡಸರು ದೋಣಿಯ ಹುಟ್ಟು ಹಿಡಿದು ಬಂದರು, ಆಳುಗಳು ಸಲಿಕೆ ಎತ್ತಿದರು. ಮೂಳೆಗೆ ಮರ ಬಡಿದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಮರಳಿನಲ್ಲಿ ಲಾರಿ ಸುಮ್ಮನೆ ಹೋಗುವುದಿಲ್ಲ. ಚಕ್ರ ಹೂತುಹೋಗದಂತೆ ಅಡಿಗೆ ತೆಂಗಿನ ಗರಿಯ ಮಡಲು ಹಾಸಬೇಕು. ಅಬ್ಬಿಗೆ ಅದು ಗೊತ್ತಿತ್ತು. ಹೊಡೆದಾಟ ಬಿಟ್ಟು ಹಿಂದಿನ ಚಕ್ರದ ಹತ್ತಿರ ಕೂತು ಮಡಲು ಎಳೆಯತೊಡಗಿದಳು. ಏಜೆಂಟ ಲಾರಿಯ ಬಾಗಿಲು ಬಡಿದು ಡ್ರೈವರನಿಗೆ "ಹೊಡಿ, ಹೊಡಿ!" ಎಂದು ಕಿರುಚುತ್ತಿದ್ದ.

ಇಂಜಿನ್ ಗರ್ಜಿಸಿತು. ಚಕ್ರ ಗರಗರ ತಿರುಗಿ ಮರಳು ಎರಚಿತು. ಲಾರಿ ಮುಂದೆ ಹೋಗದೆ ಹಿಂದಕ್ಕೆ, ಅವಳತ್ತ ಜಾರಿತು. "ಅಬ್ಬೀ, ಏಳ್!" ಎಂದು ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ. ಅವಳು ಇನ್ನೊಂದು ಮಡಲಿಗೆ ಕೈ ಚಾಚಿದಳು. ಚಕ್ರ ಅವಳ ಬಲಗಾಲಿನ ಮೇಲೆ ಹತ್ತಿ ನಿಂತಿತು.

ಎಲ್ಲರೂ, ಆ ಆಳುಗಳೂ, ಕೈಯಲ್ಲೇ ಮರಳು ಬಗೆದು ಅವಳನ್ನು ಎಳೆದರು. ಪಾದವಿದ್ದಲ್ಲಿ ಪಾದದ ಆಕಾರವಿರಲಿಲ್ಲ. ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕಾಲನ್ನು ಕತ್ತರಿಸಿ ತೆಗೆದರು.

ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುವಾಗ ಆ ಮೀನಿನ ಹುಡಿ ಎಲ್ಲಿಗೆ ಹೋಗುತ್ತದೆಂದು ತಿಳಿಯಿತು: ಸೀಗಡಿ ಕೆರೆಗೆ, ಕೋಳಿ ಫಾರಮಿಗೆ. ಸೀಗಡಿ ಹಡಗು ಹತ್ತಿ, ಹೊಟ್ಟೆ ತುಂಬಿದವರ ದೇಶಕ್ಕೆ. ಪಾಠದಲ್ಲಿ ಮಾತ್ರ ಜನ ಹೆಚ್ಚಾದದ್ದೇ ಹಸಿವಿಗೆ ಕಾರಣವೆಂದಿತ್ತು. ಪರೀಕ್ಷೆಯಲ್ಲಿ ಅದನ್ನೇ ಬರೆದು ಪಾಸಾದೆ. ಬರೆಯುವಾಗ ಕಣ್ಣೆದುರು ಚಕ್ರ ತಿರುಗುತ್ತಿತ್ತು. ಇಂದು ನಮ್ಮ ದಡದಲ್ಲಿ ಹಗ್ಗ ಎಳೆಯುವವರಿಲ್ಲ. ದುಡ್ಡಿಲ್ಲದವನೂ ಕೈ ಹಾಕಿ ಊಟ ಗಳಿಸಬಹುದಾಗಿದ್ದ ಒಂದೇ ಜಾಗ ಅದು.

ಆ ಲಾರಿ ಬಂದ ಬೇಸಿಗೆಯಿಡೀ ಹೆದ್ದಾರಿಯಲ್ಲಿ ಲಾರಿ ಗೇರು ಬದಲಿಸಿದರೂ ನಾವಿಬ್ಬರೂ ಬೆಚ್ಚಿ ಏಳುತ್ತಿದ್ದೆವು. ಮಳೆ ಹಿಡಿದು ಕಡಲು ಮೊರೆಯತೊಡಗಿದ ಮೇಲೆ ಬೇರೆ ಸದ್ದೇ ಕೇಳಿಸದಾಯಿತು. ಒಂದು ದಿನ ಬೆಳಕು ಹರಿಯುವವರೆಗೂ ಮಲಗಿದೆವು. ಅಬ್ಬಿ ಗಡಬಡಿಸಿ ಎದ್ದಳು. "ಹೊತ್ತ್ ಹೋಯ್ತಲ್ದಾ ಹೆಣ್ಣೆ!" ಎಂದು ಸೆರಗನ್ನು ಸಿಂಬಿ ಸುತ್ತಿ ತಲೆಗಿಟ್ಟು, ಮೀನಿನ ಬುಟ್ಟಿಗೆಂದು ಹೆಜ್ಜೆ ಇಟ್ಟು, ಬಿದ್ದಳು.

ಒಂದು ರಾತ್ರಿ ಚೆನ್ನಾಗಿ ನಿದ್ದೆ ಬಂದದ್ದಕ್ಕೇ ಅವಳಿಗೆ ಕಾಲಿಲ್ಲದ್ದು ಮರೆತುಹೋಗಿತ್ತು.