ಬಿತ್ತನೆ ಕಾಯಿ ಮತ್ತು ನನ್ನ ಗೈಡ್ ಸಾಹೇಬರ ಹೆಬ್ಬೆರಳು

ನನಗೆ ಕ್ಷಮಿಸುವ ಗುಣವಿಲ್ಲ. ಹಿಂದೂಪುರದ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ, ನನಗೆಲ್ಲಿಂದ ಬರಬೇಕು? ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ಅರ್ಥಶಾಸ್ತ್ರದ ಪಿಎಚ್‌ಡಿಗಾಗಿ ಕಲ್ಯಾಣದುರ್ಗದ ಸುತ್ತಿನ ಹೆಂಗಸರ ದುಡಿಮೆಯ ಬಗ್ಗೆ ಒಂದು ಅಧ್ಯಾಯ ಬರೆದಿದ್ದೆ. ಬಿತ್ತನೆಗೆ ಮುಂಚೆ ಅವರು ಮನೆಯಲ್ಲೇ ಕೂತು ಕಡಲೆಕಾಯಿ ಸುಲಿಯುತ್ತಾರೆ. ಯಂತ್ರಕ್ಕೆ ಹಾಕಿದರೆ ಬೀಜ ಒಡೆದು ಮೊಳಕೆ ಕೆಡುತ್ತದೆ, ಕೈಯೇ ಆಗಬೇಕು. ನನ್ನ ಗೈಡ್ ಅಷ್ಟನ್ನೂ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. "ಇದು ಬಿಡುವಿನ ಹೊತ್ತಿನ ಹರಟೆ, ಕೆಲಸ ಅಲ್ಲ. ತೆಗೆದುಬಿಡಮ್ಮ." ಸರ್ಕಾರಕ್ಕೆ ಅವರು ಕೊಡಲಿದ್ದ ವರದಿಯಲ್ಲೂ ಅದೇ ಮಾತು: ಇಲ್ಲಿನ ಹೆಂಗಸರು ಬೇಸಿಗೆಯಲ್ಲಿ ಖಾಲಿ ಕೂರುತ್ತಾರೆ. ನನಗೆ ಮೈಯೆಲ್ಲ ಉರಿಯಿತು. ಆ ಅಧ್ಯಾಯ ಹೋದರೆ ನನ್ನ ಪ್ರಬಂಧದಲ್ಲಿ ಉಳಿಯುವುದು ಬರೀ ಸಿಪ್ಪೆ.

ಅಧಿಕಾರಿಗಳ ಸಭೆಯಲ್ಲಿ ವರದಿ ಮಂಡಿಸಲು ಅವರು ಕಲ್ಯಾಣದುರ್ಗಕ್ಕೆ ಬಂದರು. ಸಭೆಯ ಹಿಂದಿನ ದಿನ, "ಒಂದು ಹಳ್ಳಿ ನೋಡಿಬರೋಣ ಸರ್" ಎಂದು ಬೆಣ್ಣೆ ಹಚ್ಚಿ ಕಂಬದೂರಿನ ಕಡೆ ಆಟೋ ಹತ್ತಿಸಿದೆ. ನಾವು ಹೋದ ಮನೆಯ ಅಜ್ಜಿ ಮೊರದ ತುಂಬ ಕಾಯಿ ತಂದು ಅವರ ಮುಂದಿಟ್ಟಳು.

"ಕಾಯಿ ಬಿಡಿಸೋ ಮನೇಗೆ ಬಂದೋರು ಬರೀ ಕೈಲಿ ಕುಂತ್ಕೋಬಾರ್ದು ಕಣಪ್ಪ. ಮೆಲ್ಲಗೆ ಬಿಡಿಸು, ತಡ ಆದ್ರೂ ಪರವಾಲೇದು."

ಈ ಪದ್ಧತಿ ಗೊತ್ತಿದ್ದೇ ಕರೆದುಕೊಂಡು ಹೋಗಿದ್ದೆ. ಸಾಹೇಬರು ನಗುನಗುತ್ತಾ ಶುರುಮಾಡಿದರು. ಮೊರ ಖಾಲಿಯಾದಂತೆಲ್ಲ ನಾನೇ ಇನ್ನಷ್ಟು ಸುರಿದೆ. ಏಳೋಣವೇ ಎಂದಾಗ, "ಅರ್ಧಕ್ಕೆ ಎದ್ದರೆ ಅಪಶಕುನ ಸರ್" ಎಂದೆ. ಅಂಥ ಶಾಸ್ತ್ರವೇನೂ ಇರಲಿಲ್ಲ. ಸಂಜೆಯ ಹೊತ್ತಿಗೆ ಅವರ ಹೆಬ್ಬೆರಳು ಬಾತು, ಉಗುರಿನ ಬುಡ ಕೆಂಪಾಗಿತ್ತು. ಅಜ್ಜಿಗೆ ಕನಿಕರ ಬಂತು, ನನಗೆ ಬರಲಿಲ್ಲ.

ಮರುದಿನ ಸಭೆಯಲ್ಲಿ ಓದುತ್ತಾ ಓದುತ್ತಾ ಅವರು "ಖಾಲಿ ಕೂರುತ್ತಾರೆ" ಎಂಬಲ್ಲಿಗೆ ಬಂದರು. ನಾನು ಎದ್ದು ನಿಂತೆ.

"ಸರ್, ನಿನ್ನೆ ಮಧ್ಯಾಹ್ನವೆಲ್ಲ ನೀವು ಖಾಲಿ ಕೂತಿದ್ರಾ?"

ಏನು ವಿಷಯ ಎಂದು ಒಬ್ಬ ಅಧಿಕಾರಿ ಕೇಳಿದರು. ಒಂದನ್ನೂ ಬಿಡದೆ ಹೇಳಿದೆ. ಎಲ್ಲರೂ ಅವರ ಕೈ ನೋಡಿದರು, ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. "ಅದು ಕೆಲಸವೇ" ಎಂದು ತಗ್ಗಿದ ದನಿಯಲ್ಲಿ ಒಪ್ಪಿಕೊಂಡು, ಆ ವಾಕ್ಯವನ್ನು ತಾವೇ ಹೊಡೆದುಹಾಕಿದರು. ಹೊರಗೆ ಬಂದಮೇಲೆ, ನಿನ್ನ ಅಧ್ಯಾಯ ಇರಲಿ ಅಂದರು.

ನ್ಯಾಯವಾಗಿ ಅಷ್ಟಕ್ಕೆ ನನ್ನ ಹೊಟ್ಟೆ ತಣ್ಣಗಾಗಬೇಕಿತ್ತು. ಇಬ್ಬರೂ ವಾಪಸು ಹೊರಟ ಹಿಂದೂಪುರದ ಬಸ್ಸಿನಲ್ಲಿ, ಉರಿಬಿಸಿಲಿಗೆ ಅವರಿಗೆ ಬಾಯಾರಿತು. ಆ ಹೆಬ್ಬೆರಳಿನಲ್ಲಿ ನೀರಿನ ಬಾಟಲಿಯ ಮುಚ್ಚಳ ತಿರುಗಿಸಲಾಗದೆ ಬಾಟಲಿಯನ್ನು ನನ್ನತ್ತ ಚಾಚಿದರು. ನಾನು ಕಿಟಕಿಯಾಚೆ ನೋಡುತ್ತಾ ಕೂತೆ.